ಕಿವಿಗೆ ಇಟ್ಟ ಹತ್ತಿ

ನಮ್ಮ ಹೆಜಮಾಡಿಯ ಮನೆಯಲ್ಲಿ ಯಾರ ಮನಸ್ಸು ಹೇಗುಂಟು ಎಂದು ತಿಳಿಯಲು ಮುಖ ನೋಡಬೇಕಾಗಿರಲಿಲ್ಲ, ಬಟ್ಟಲು ನೋಡಿದರೆ ಸಾಕಿತ್ತು. ಮಾವ ಬಂಗುಡೆಯ ತಲೆಯನ್ನು ಚೀಪದೆ ಬದಿಗೆ ಸರಿಸಿದರೆ ದೋಣಿಯಲ್ಲಿ ಯಾರೊಡನೆಯೋ ಜಗಳವಾಗಿದೆ ಎಂದು ಲೆಕ್ಕ. ಅಮ್ಮ ಗಂಜಿಗೆ ಮೀನಿನ ಪದಾರ್ಥದ ರಸ ಮಾತ್ರ ಸುರಿದುಕೊಂಡು ತುಂಡನ್ನು ನಮ್ಮ ಬಟ್ಟಲಿಗೆ ಹಾಕಿದರೆ ಆ ದಿನ ಕಾರ್ಕಳದಲ್ಲಿ ವ್ಯಾಪಾರ ಕುದುರಿಲ್ಲ. ಅಣ್ಣ ದಾಮು ಇನ್ನೊಂದು ಮೀನು ಕೇಳದಿದ್ದರೆ ಶಾಲೆಯಲ್ಲಿ ಪೆಟ್ಟು ತಿಂದು ಬಂದಿದ್ದಾನೆ. ಅಜ್ಜಿ ಎಲ್ಲರಿಗೂ ಬಡಿಸಿ, ಎಲ್ಲರ ಬಟ್ಟಲನ್ನೂ ಓದಿ, ಕೊನೆಗೆ ತನ್ನ ಬಟ್ಟಲಿಗೆ ಕೂತುಕೊಳ್ಳುತ್ತಿದ್ದಳು. ಹೀಗೆ ಬಟ್ಟಲು ಓದಲು ಬಲ್ಲ ಮನೆಯವರು ನನ್ನ ಬಟ್ಟಲನ್ನು ಮಾತ್ರ ತಪ್ಪಾಗಿ ಓದಿದರು. ಹೇಗೆ ಎಂದು ಬರೆಯಲು ಇಷ್ಟು ವಯಸ್ಸಾಗಬೇಕಾಯಿತು. ಈಗಲೂ ಬರೆಯುವಾಗ ಕುತ್ತಿಗೆಯ ಹಿಂದೆ ಬಿಸಿಯಾಗುತ್ತದೆ.

ಮನೆ ಸಮುದ್ರಕ್ಕೂ ರಸ್ತೆಗೂ ನಡುವೆ ಇತ್ತು. ಎದುರಿಗೆ ಬಲೆ ಹರಡಿಕೊಂಡು ಹೊಲಿಯುವಷ್ಟು ಉದ್ದದ ಚಾವಡಿ, ಹಿಂದೆ ಹೊಗೆ ಕುಡಿದು ಕಪ್ಪಾದ ಅಡುಗೆಮನೆ, ಎರಡರ ನಡುವೆ ಕಿಟಕಿಯಿಲ್ಲದ ದೇವರ ಕೋಣೆ. ನಮ್ಮಲ್ಲಿ ಆಗ ಹೆಣ್ಣುಮಕ್ಕಳು ಹೆಚ್ಚಾಗಿ ತಾಯಿಮನೆಯಲ್ಲೇ ಉಳಿಯುವ ಕ್ರಮ, ಹಾಗಾಗಿ ಮನೆ ಅಜ್ಜಿಯದು, ಮಾತು ಮಾವನದು. ಮಾವ ದೋಣಿಯ ತಾಂಡೇಲ. ಯಾವಾಗ ಹೊರಡಬೇಕು, ಎಲ್ಲಿ ಬಲೆ ಬಿಡಬೇಕು ಎಂದು ಹೇಳುವವರು. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು, ಮಳೆಗಾಲ ಕಳೆದು ಯಾವಾಗಲಾದರೂ ಬರುತ್ತಿದ್ದರು. ಅಮ್ಮ ಬೆಳಕು ಹರಿಯುವ ಮೊದಲೇ ಮೀನಿನ ಬುಟ್ಟಿ ಹೊತ್ತು ಕಾರ್ಕಳದ ಬಸ್ಸು ಹಿಡಿಯುತ್ತಿದ್ದಳು. ಮತ್ತೆ ಕುಸುಮ ಮಾಮಿ. ಮಾವನನ್ನು ಮದುವೆಯಾಗಿ ಕಾರ್ಕಳದಿಂದ ಬಂದವಳು. ಅವಳ ತಂದೆಗೆ ಅಲ್ಲಿನ ಮಾರ್ಕೆಟಿನಲ್ಲಿ ಮೀನಿನ ಅಂಗಡಿ. ಸಮುದ್ರದ ಬದಿಯ ನಮ್ಮವರಿಗೆ ಅದೇ ನಗೆಯ ವಿಷಯ. ಅವಳು ಎಂತ ಹೇಳಿದರೂ ಅಜ್ಜಿಯ ಉತ್ತರ ಒಂದೇ ಆಗಿತ್ತು:

"ಐಸಿನ ಮೀನು ತಿಂದು ಬೆಳೆದವಳು. ಅವಳಿಗೆ ಎಂತ ಗೊತ್ತುಂಟು?"

ಮಾಮಿ ನಕ್ಕು ಸುಮ್ಮನಾಗುತ್ತಿದ್ದಳು. ಬಹಳ ಮಾತಿನವಳಲ್ಲ. ಮಾತೆಲ್ಲ ಅಜ್ಜಿಯದು ಮತ್ತು ನನ್ನದು. ನನಗೆ ಮಾತು ಕಲಿಸಿದ್ದು ಅಜ್ಜಿಯ ಕಡೆಯುವ ಕಲ್ಲು ಎಂದೇ ಹೇಳಬೇಕು. ಅವಳು ಮಸಾಲೆ ಕಡೆಯುತ್ತ ಕತೆ ಹೇಳುವಳು, ನಾನು ಎದುರು ಕುಕ್ಕರಗಾಲಲ್ಲಿ ಕೂತು ತೆಂಗಿನತುರಿ ತಳ್ಳಿಕೊಡುವೆ. ಕಲ್ಲು ನಿಧಾನ ತಿರುಗಿದರೆ ಕತೆಯೂ ನಿಧಾನ. ರಾಕ್ಷಸ ಬರುವಾಗ ಕಲ್ಲು ಗುಡುಗುಡು ಎನ್ನುತ್ತಿತ್ತು. ಮಸಾಲೆ ನುಣ್ಣಗಾಗುವ ಹೊತ್ತಿಗೆ ಕತೆ ಮುಗಿಯಬೇಕು, ಇಲ್ಲದಿದ್ದರೆ ಉಳಿದದ್ದು ನಾಳೆಗೆ. ಅದೇ ಕತೆಯನ್ನು ನಾನು ಸಂಜೆ ಪಕ್ಕದ ಮನೆಯ ಗಿರಿಜಳಿಗೆ ಇನ್ನೆರಡು ರಾಕ್ಷಸರನ್ನು ಸೇರಿಸಿ ಹೇಳುತ್ತಿದ್ದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಎರಡರಲ್ಲೂ ನನ್ನ ಬಾಯಿಗೆ ಬಿಡುವಿರಲಿಲ್ಲ.

ಐದನೆಯ ಕ್ಲಾಸಿನ ಮಳೆಗಾಲದಲ್ಲಿ ಆ ಬಾಯಿ ನಿಂತಿತು. ಒಂದು ದಿನದಲ್ಲಿ ಅಲ್ಲ. ಬೆಳಿಗ್ಗೆ ಏಳುವಾಗ ಎದೆಯ ಮೇಲೆ ಯಾರೋ ಒದ್ದೆ ಬಲೆ ಹೇರಿ ಹೋದ ಹಾಗೆ ಆಗುತ್ತಿತ್ತು. ಶಾಲೆಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಮಧ್ಯದಲ್ಲಿ ಎಂತ ಆಯಿತು ಎಂದು ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ಅಜ್ಜಿಯ ಕತೆ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಬಾಯಿಗೆ ಇಟ್ಟ ಮೀನು ಒದ್ದೆ ಕಾಗದ ಜಗಿದಂತೆ. ಬಚ್ಚಲಿನಲ್ಲಿ ಹಂಡೆಯ ಬದಿಗೆ ಕೂತು ಅಳುತ್ತಿದ್ದೆ, ಯಾರಾದರೂ ಬಾಗಿಲು ಬಡಿದರೆ ತಲೆಗೆ ನೀರು ಸುರಿದುಕೊಳ್ಳುತ್ತಿದ್ದೆ.

ಅಳುವುದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಅಳಲು ನನ್ನಲ್ಲಿ ಕಾರಣವಿರಲಿಲ್ಲ. ಹಿಂದಿನ ವರ್ಷ ಗಿರಿಜಳ ತಂದೆ ಸಮುದ್ರಕ್ಕೆ ಹೋದವರು ಹಿಂದೆ ಬಂದಿರಲಿಲ್ಲ. ಅಳುವ ಹಕ್ಕು ಇದ್ದದ್ದು ಅವಳಿಗೆ. ಅವಳೋ ತಮ್ಮ ಮನೆಯ ಅಂಗಳದಲ್ಲಿ ಬಲೆಯ ಹಗ್ಗದ ತುಂಡು ಹಿಡಿದು ಹಾರುತ್ತಲೇ ಇರುತ್ತಿದ್ದಳು. ಮಳೆ ಸ್ವಲ್ಪ ಬಿಟ್ಟರೆ ಸಾಕು, ಪಟ್ ಪಟ್ ಎಂದು ಹಗ್ಗ ನೆಲಕ್ಕೆ ಬಡಿಯುವ ಸದ್ದು ನಮ್ಮ ಬಚ್ಚಲಿಗೆ ಕೇಳುತ್ತಿತ್ತು. ಅಪ್ಪ ಇಲ್ಲದ ಹುಡುಗಿ ಹಗ್ಗ ಹಾರುತ್ತಾಳೆ, ಎಲ್ಲ ಇರುವ ನಾನು ಹಂಡೆಯ ಬದಿಗೆ ಕೂತು ಅಳುತ್ತೇನೆ. ಆ ಸದ್ದು ಕೇಳುವಾಗ ನಾಚಿಕೆಯಿಂದ ಮುಖವನ್ನು ಮೊಣಕಾಲಿಗೆ ಒತ್ತಿಕೊಳ್ಳುತ್ತಿದ್ದೆ.

ಮಳೆಗಾಲದ ನಡುವಿನ ಆಟಿ ತಿಂಗಳ ಒಂದು ಮಧ್ಯಾಹ್ನ ಬಟ್ಟಲು ಸರಿಸಿಬಿಟ್ಟೆ. ದೋಣಿಗಳು ದಡದಲ್ಲಿ ಮಗುಚಿಕೊಂಡಿದ್ದ ಕಾಲ, ಹಸಿಮೀನಿಲ್ಲ, ಗಂಜಿಗೆ ಒಣಸಿಗಡಿಯ ಚಟ್ನಿ. ಅದೆಂದರೆ ನಾನು ಜೀವ ಬಿಡುತ್ತಿದ್ದವಳು.

"ನನಗೆ ಬೇಡ."

ಎಲ್ಲರೂ ತಲೆ ಎತ್ತಿದರು. ಅಜ್ಜಿ ಕೇಳಿದಳು:

"ಬೇಡ ಎಂದರೆ? ಯಾಕೆ ಬೇಡ?"

ತಲೆ ತಗ್ಗಿಸಿ ಕೂತೆ. ಅಷ್ಟರಲ್ಲಿ ಅಜ್ಜಿಯೇ ಹಣೆಗೆ ಕೈ ಬಡಿದುಕೊಂಡಳು.

"ಅಯ್ಯೋ ದೇವರೇ, ಇವತ್ತು ಶನಿವಾರ ಅಲ್ವಾ, ದೇವರ ವಾರ! ಮುದುಕಿ ನನಗೆ ನೆನಪಿಲ್ಲ, ಈ ಬಾಲೆಗೆ ನೆನಪುಂಟು ನೋಡಿ!"

ನಾನು ಹೂಂ ಎಂದೆ. ಹುಡುಕಿದರೂ ಸಿಗದಿದ್ದ ಕಾರಣವೊಂದನ್ನು ಬೇರೆಯವರು ನನ್ನ ಕೈಗೆ ಕೊಟ್ಟಂತೆ ಆಗಿತ್ತು. ಭಾನುವಾರವೂ ಬೇಡ ಎಂದೆ. ಸೋಮವಾರವೂ. ಮೀನು ಹಿಡಿಯುವವರ, ಮೀನು ಮಾರುವವರ ಮನೆಯಲ್ಲಿ ಒಂದು ಮಗು ತಾನಾಗಿ ಮೀನು ಬಿಡುವುದೆಂದರೆ ಸಣ್ಣ ಸಂಗತಿಯಲ್ಲ. ದೊಡ್ಡವರೇ ಆಟಿ ಕಳೆದು ಬರುವ ಸೋಣ ತಿಂಗಳ ವ್ರತದ ವಾರಗಳಲ್ಲಿ ಕಷ್ಟಪಟ್ಟು ಬಿಡುವುದು, ಅದೂ ಮರುದಿನದ ಬಂಗುಡೆಯನ್ನು ನೆನೆದುಕೊಂಡು. ಸೋಣಕ್ಕೆ ಕಾಯದೆ ಆಟಿಯಲ್ಲೇ ವ್ರತ ಹಿಡಿದ ಬಾಲೆ ಎಂದು ಅಜ್ಜಿ ಬಾವಿಕಟ್ಟೆಯಲ್ಲಿ ಹೇಳಿದಳು. ಬಾವಿಕಟ್ಟೆಯಲ್ಲಿ ಹೇಳಿದ್ದು ಸಂಜೆಗೆ ಭಜನಾಮಂದಿರದಲ್ಲಿ ಇರುತ್ತಿತ್ತು. ದಾಮುವಿಗೆ ಮಾತ್ರ ಖುಷಿಯೋ ಖುಷಿ.

"ನೀನು ದೇವರಾಗು ಮಾರಾಯ್ತಿ. ಆರಾಮದಲ್ಲಿ ಆಗು. ನಿನ್ನ ಪಾಲಿನ ಮೀನು ನಾನು ನೋಡಿಕೊಳ್ಳುತ್ತೇನೆ."

ಅದಕ್ಕೆ ಮೊದಲಿನ ನಾನಾಗಿದ್ದರೆ ಅವನ ಕೂದಲು ಹಿಡಿದು ಎಳೆಯುತ್ತಿದ್ದೆ. ಈಗ ಸುಮ್ಮನೆ ನೋಡಿದೆ. ಅದನ್ನೂ ಶಾಂತಿ ಎಂದರು.

ಆಮೇಲೆ ಒಂದೊಂದಾಗಿ ಎಲ್ಲ ಬದಲಾಯಿತು. ನನಗೆ ಬೇರೆ ಒಲೆಯಲ್ಲಿ, ಮೀನು ಕಾಣದ ಹೊಸ ಮಡಕೆಯಲ್ಲಿ ಅಡುಗೆ. ಎಲ್ಲರೊಂದಿಗೆ ಕೂರುವ ಹಾಗಿಲ್ಲ, ಮೀನಿನ ಕೈ ತಾಗುತ್ತದೆ. ದೇವರ ಕೋಣೆಯ ಹೊಸ್ತಿಲ ಒಳಗೆ ಬಾಳೆಲೆ. ಮಲಗುವುದೂ ಅಲ್ಲೇ. ಮೊದಲು ಅಮ್ಮನ ಬೆನ್ನಿಗೆ ಅಂಟಿಕೊಂಡು ಮಲಗುತ್ತಿದ್ದವಳು ನಾನು. ಕಿಟಕಿಯಿಲ್ಲದ ಆ ಕೋಣೆ ನನಗೆ ಹಿತವಾಗಿತ್ತು ಎಂದು ಹೇಳಲು ಸಂಕಟವಾಗುತ್ತದೆ. ಅಡಗಿಕೊಳ್ಳಬೇಕು ಎಂದು ಅನಿಸುತ್ತಿದ್ದ ಹುಡುಗಿಗೆ ಮನೆಯವರೇ ಅಡಗುವ ಜಾಗ ಮಾಡಿಕೊಟ್ಟು, ಬಾಗಿಲಲ್ಲಿ ದೀಪ ಇಟ್ಟರು. ಶಾಲೆಗೆ ಹೋಗದಿದ್ದರೂ ಯಾರೂ ಗದರಲಿಲ್ಲ. ತಲೆ ಬಾಚಿಕೊಳ್ಳುವುದನ್ನು ಬಿಟ್ಟೆ, ಕೈ ಎತ್ತಲು ಮನಸ್ಸಾಗುತ್ತಿರಲಿಲ್ಲ. ಕೂದಲು ಹಿಂದೆ ಗಂಟುಗಟ್ಟಿ ಹಗ್ಗದ ತುದಿಯಂತಾಯಿತು. ಅಜ್ಜಿ ಅದನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

"ದೇವರ ಜಡೆ ಬರುತ್ತಾ ಉಂಟು. ಬಾಚಣಿಗೆ ತಾಗಿಸಬೇಡಿ ಯಾರೂ."

ನೂಲ ಹುಣ್ಣಿಮೆಗೆ ಸಮುದ್ರಪೂಜೆ. ಮಳೆಗಾಲದ ರಜೆ ಮುಗಿಸಿ ದೋಣಿಗಳು ಇಳಿಯುವ ಮೊದಲು ಭಜನಾಮಂದಿರದಿಂದ ಎಲ್ಲರೂ ಮೆರವಣಿಗೆಯಲ್ಲಿ ದಡಕ್ಕೆ ಹೋಗಿ ಹಾಲು, ತೆಂಗಿನಕಾಯಿ, ಹೂ ಸಮುದ್ರಕ್ಕೆ ಒಪ್ಪಿಸುವುದು. ಹಾಲು ಎರೆಯುವುದು ಹಿರಿಯರ ಕೆಲಸ. ಆ ವರ್ಷ ಮಾವ ನನ್ನನ್ನು ಮುಂದೆ ನಿಲ್ಲಿಸಿ ಹಾಲಿನ ಪಾತ್ರೆಗೆ ನನ್ನ ಕೈಯನ್ನೂ ಸೇರಿಸಿದರು. ಹಿಂದೆ ಇಡೀ ಊರು ಕೈ ಮುಗಿದು ನಿಂತಿತ್ತು. ಹಾಲು ನೀರಿಗೆ ಬಿದ್ದು, ಬಿಳಿಯಾಗಿ ಹರಡಿ, ಇಲ್ಲದಂತಾಯಿತು. ಹೀಗೆ ಇಲ್ಲದಂತಾಗುವುದು ಎಷ್ಟು ಸುಲಭ ಎಂದು ನನಗೆ ಅನಿಸಿತು. ಹತ್ತು ವರ್ಷದ ಮಗು ಹಾಗೆ ಯೋಚಿಸುತ್ತಾ ನಿಂತಿದ್ದಾಗ ಒಬ್ಬಳು ಹೆಂಗಸು ತನ್ನ ಕೂಸನ್ನು ನನ್ನ ಮುಂದೆ ಹಿಡಿದಳು.

"ತಲೆ ಮೇಲೆ ಒಮ್ಮೆ ಕೈ ಇಡು ಬಾಲೆ. ಹಾಲು ಕುಡಿಯುವುದಿಲ್ಲ, ರಚ್ಚೆ ಹಿಡಿಯುತ್ತದೆ."

ಇಟ್ಟೆ. ಕೂಸು ನನ್ನನ್ನು ನೋಡಿ ನಕ್ಕಿತು. ಆ ತಾಯಿಯ ಕಣ್ಣಲ್ಲಿ ನೀರು. ಕದ್ದ ಬಳೆ ತೊಟ್ಟುಕೊಂಡು ದೇವಸ್ಥಾನಕ್ಕೆ ಹೋದ ಹಾಗೆ ಇತ್ತು ನನಗೆ. ಇವರಿಗೆ ಗೊತ್ತಾದರೆ? ಇದು ದೇವರಲ್ಲ, ಬರೀ ನಾನು ಎಂದು ಗೊತ್ತಾದರೆ?

ಗೊತ್ತಾಗಲು ಸಮುದ್ರ ಬಿಡಲಿಲ್ಲ. ಮಾವನ ದೋಣಿ ಮೊದಲ ಸಲವೇ ಬಂಗುಡೆ ತುಂಬಿಕೊಂಡು ಬಂತು, ಬಲೆ ಎಳೆಯಲು ಬೇರೆ ದೋಣಿಯವರನ್ನು ಕರೆಯಬೇಕಾಯಿತಂತೆ. ಮಾವ ನೇರ ದೇವರ ಕೋಣೆಯ ಹೊಸ್ತಿಲಿಗೆ ಬಂದು, ನನಗೆ ತಂದ ಹಸಿರು ರೇಷ್ಮೆ ಲಂಗವನ್ನು ಒಳಗೆ ಇಟ್ಟು, ನನಗೆ ಕೈ ಮುಗಿದರು. ನನ್ನನ್ನು ಹೆಗಲ ಮೇಲೆ ಕೂರಿಸಿ ಸಮುದ್ರ ತೋರಿಸಿದ ಮಾವ. ನಾನು ಗೋಡೆಯ ಕಡೆಗೆ ತಿರುಗಿದೆ. ಆ ದಿನದಿಂದ ದೋಣಿಯ ಜನ ಸಮುದ್ರಕ್ಕೆ ಇಳಿಯುವ ಮೊದಲು ನಮ್ಮ ಅಂಗಳದಲ್ಲಿ ನಿಂತು ಹೋಗುತ್ತಿದ್ದರು. ಇನ್ನು ನಾನು ಮೀನು ತಿನ್ನುವುದೆಂದರೆ ಅವರೆಲ್ಲರ ಬಟ್ಟಲಿನಿಂದ ಕಿತ್ತುಕೊಂಡ ಹಾಗೆ.

ಸೋಣ ತಿಂಗಳು ಮುಗಿಯಿತು. ವ್ರತ ಹಿಡಿದ ದೊಡ್ಡವರೆಲ್ಲ ಮೀನಿಗೆ ಮರಳಿದರು. ನನ್ನ ಲಂಗದ ಲಾಡಿ ಎಷ್ಟು ಬಿಗಿದರೂ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಜ್ಜಿ ಭಜನಾಮಂದಿರಕ್ಕೆ ಹೋದ ಹೊತ್ತು ನೋಡಿ ಕುಸುಮ ಮಾಮಿ ತೆಂಗಿನೆಣ್ಣೆಯ ಗಿಂಡಿ, ಬಾಚಣಿಗೆ ಹಿಡಿದು ಬಂದಳು. ನನ್ನ ಕೈ ಹಿಡಿದು ಹಿತ್ತಿಲ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ತನ್ನ ಕಾಲುಗಳ ನಡುವೆ ಕೂರಿಸಿಕೊಂಡಳು. ಬಿಸಿಲು ಕಣ್ಣು ಚುಚ್ಚಿತು. ಅವಳು ಗಂಟಿಗೆ ಎಣ್ಣೆ ಹಾಕಿ, ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸತೊಡಗಿದಳು. ಆಮೇಲೆ ಹಿಂದಿನಿಂದಲೇ, ಉಪ್ಪು ಸಾಕಾ ಎಂದು ಕೇಳುವ ಧ್ವನಿಯಲ್ಲಿ ಕೇಳಿದಳು:

"ವಾರಿಜಾ, ನಿನಗೆ ಹಸಿವಾಗಿಯೂ ತಿನ್ನುವುದಿಲ್ಲವಾ? ಅಲ್ಲ, ಹಸಿವೇ ಆಗುವುದಿಲ್ಲವಾ?"

ಅಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ವ್ರತ ಹಿಡಿದವರಿಗೆ ಹಸಿವಾಗುತ್ತದೆ. ಹಸಿವು ಇದ್ದರೆ ಮಾತ್ರ ಅದು ವ್ರತ.

"ಆಗುವುದಿಲ್ಲ."

"ನಿದ್ದೆ?"

"ಇಲ್ಲ."

"ಅಳು?"

ನನ್ನ ಬೆನ್ನು ಅಲುಗುವುದು ಅವಳ ಮೊಣಕಾಲಿಗೆ ತಿಳಿದಿರಬೇಕು. ಎಣ್ಣೆಯ ಕೈಯನ್ನು ನನ್ನ ನೆತ್ತಿಯ ಮೇಲೆ ಇಟ್ಟು ಹಾಗೇ ಕೂತಳು. ಅಜ್ಜಿ ಬಂದದ್ದು ಆಗ.

"ಎಂತ ಮಾಡಿದೆ ನೀನು? ಆ ಜಡೆಗೆ ಬಾಚಣಿಗೆ ಹಾಕಿದೆಯಾ?"

"ಅತ್ತೆ, ಇದು ಜಡೆ ಅಲ್ಲ. ಸಿಕ್ಕು. ಬಾಚದೆ ಬಿಟ್ಟರೆ ನನಗೂ ಆಗುತ್ತದೆ, ನಿಮಗೂ ಆಗುತ್ತದೆ. ಹೇನುಂಟು ಇದರಲ್ಲಿ, ನೋಡಿ."

"ದೇವರ ವಿಷಯ ನಿನಗೆ ಎಂತ ಗೊತ್ತು, ಐಸಿನ ಮೀನು ತಿಂದವಳಿಗೆ!"

"ಐಸಿನ ಮೀನು ತಿಂದರೂ ಮಗು ಅಳುವುದು ಗೊತ್ತಾಗುತ್ತದೆ ಅತ್ತೆ."

ಮಾಮಿ ಅಜ್ಜಿಗೆ ಎದುರು ಮಾತನಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಮ್ಮ ಖಾಲಿ ಬುಟ್ಟಿ ಹೊತ್ತು ಅಂಗಳಕ್ಕೆ ಬಂದಾಗ ಜಗಳ ಚಾವಡಿಗೆ ಮುಟ್ಟಿತ್ತು. ಬಲೆ ಹೊಲಿಯುತ್ತಿದ್ದ ಮಾವ ಸೂಜಿ ಕೆಳಗಿಟ್ಟರು. ಮಾಮಿ ಅಮ್ಮನ ಕಡೆ ತಿರುಗಿ, ನಾವು ಯಾರೂ ಕೇಳಿರದ ಒಂದು ವಿಷಯ ಹೇಳಿದಳು.

"ಅಕ್ಕ, ನನಗೆ ಒಬ್ಬ ತಮ್ಮ ಇದ್ದ. ಹೀಗೇ ಮಲಗಿಕೊಂಡೇ ಇರುತ್ತಿದ್ದ, ಊಟ ಬೇಡ, ಸ್ನಾನ ಬೇಡ. ಅವನು ಗಂಡುಹುಡುಗ ಅಲ್ವಾ, ನಾವು ಸೋಮಾರಿ ಎಂದೆವು. ಅಪ್ಪ ಹೊಡೆದರು. ನಾನೂ ಬೈದೆ. ತಪ್ಪಾಯಿತು ಎಂದು ಹೇಳಲು ಈಗ ಅವನಿಲ್ಲ."

ಅಮ್ಮ ಬುಟ್ಟಿ ಇಳಿಸುವುದನ್ನೇ ಮರೆತು ನಿಂತಿದ್ದಳು. ಕೊನೆಗೆ ಮಾವ ನೆಲ ನೋಡುತ್ತಾ ಹೇಳಿದರು:

"ಮಣಿಪಾಲದಲ್ಲಿ ಒಬ್ಬರಿಗೆ ತೋರಿಸಿಕೊಂಡು ಬನ್ನಿ. ಆದರೆ ದೋಣಿಯವರಿಗೆ ಗೊತ್ತಾಗಬಾರದು. ಕಿವಿ ನೋವು ಎಂದು ಹೇಳಿ."

ಮಣಿಪಾಲಕ್ಕೆ ಹೋಗುವ ದಿನ ಅಮ್ಮ ವ್ಯಾಪಾರಕ್ಕೆ ಹೋಗಲಿಲ್ಲ. ಮೀನಿನ ವಾಸನೆ ಹೋಗಲೆಂದು ಸೀಗೆಪುಡಿಯಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆದಳು, ಮದುವೆಗೆ ಉಡುವ ಸೀರೆ ಉಟ್ಟಳು. ಡಾಕ್ಟರು ಹೆಂಗಸು, ಅಮ್ಮನಿಗಿಂತ ಸ್ವಲ್ಪ ದೊಡ್ಡವರು. ಅಮ್ಮ ಪುಸ್ತಕ ಓದುವವಳಂತೆ ಎಚ್ಚರದಲ್ಲಿ ಕನ್ನಡ ಆಡಿದಳು.

"ಮೀನು ಬಿಟ್ಟಿದ್ದಾಳೆ ಡಾಕ್ಟ್ರೇ. ಬೇರೆ ಏನೂ ತೊಂದರೆ ಇಲ್ಲ. ಒಳ್ಳೆಯ ಮಗು. ಹಟ ಇಲ್ಲ, ಗಲಾಟೆ ಇಲ್ಲ."

"ಸರಿ. ಮೀನಿನ ಜೊತೆಗೆ ಬೇರೆ ಏನೆಲ್ಲ ಬಿಟ್ಟಿದ್ದಾಳೆ?"

"ಬೇರೆ ಎಂತ ಬಿಡಲಿಲ್ಲ," ಎಂದಳು ಅಮ್ಮ ಥಟ್ಟನೆ. ಮತ್ತೆ ತಾನೇ ಮುಂದುವರಿಸಿದಳು. "ಮಾತು ಕಡಿಮೆ ಆಗಿದೆ. ಮೊದಲು ಬಾಯಿ ಮುಚ್ಚುತ್ತಿರಲಿಲ್ಲ. ಪಕ್ಕದ ಮನೆಗೆ ಆಡಲು ಹೋಗುವುದಿಲ್ಲ ಈಗ. ಅಣ್ಣನ ಜೊತೆ ಜಗಳವೂ ಇಲ್ಲ, ಅದು ಒಳ್ಳೆಯದೇ ಎಂದುಕೊಂಡೆ. ನಾನು ಬುಟ್ಟಿ ಇಳಿಸುವಾಗ ಓಡಿಕೊಂಡು ಬರುತ್ತಿದ್ದಳು, ಎಂತ ತಂದೆ ಎಂತ ತಂದೆ ಎಂದು ಬುಟ್ಟಿಯೊಳಗೆ ಕೈ ಹಾಕುತ್ತಿದ್ದಳು. ಬೈದರೂ ಬಿಡುತ್ತಿರಲಿಲ್ಲ. ಈಗ..."

ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಚ್ಚರದ ಕನ್ನಡ ಬಿಟ್ಟುಹೋಯಿತು, ಉಳಿದದ್ದನ್ನು ತುಳುವಿನಲ್ಲೇ ಹೇಳಿದಳು:

"ನನಗೆ ಕಂಡಿತ್ತು ಡಾಕ್ಟ್ರೇ. ಎಲ್ಲ ಕಂಡಿತ್ತು."

ಅಮ್ಮನನ್ನು ಹೊರಗೆ ಕೂರಿಸಿ ಡಾಕ್ಟರು ನನ್ನೊಬ್ಬಳನ್ನೇ ಮಾತನಾಡಿಸಿದರು. ನಾನು, ಅಳು ಬರುತ್ತದೆ ಆದರೆ ಕಾರಣವಿಲ್ಲ ಎಂದು ಕಳ್ಳತನ ಒಪ್ಪಿಕೊಂಡವಳಂತೆ ಹೇಳಿದೆ. ಅವರು ಕೇಳಿದರು:

"ಜ್ವರ ಬಂದಾಗ ನಾಚಿಕೆ ಆಗುತ್ತದಾ ನಿನಗೆ?"

"ಇಲ್ಲ."

"ಹಾಗಾದರೆ ಇದಕ್ಕೂ ಬೇಡ. ಇದೂ ಬರುವಂಥದ್ದು. ಮಕ್ಕಳಿಗೂ ಬರುತ್ತದೆ. ಹೋಗುವಂಥದ್ದೂ ಹೌದು, ಆದರೆ ಒಬ್ಬಳೇ ಕೂತರೆ ಹೋಗುವುದಿಲ್ಲ. ನೀನು ನನ್ನ ಹತ್ತಿರ ಬರುತ್ತಾ ಇರಬೇಕು."

ಬೇಡ ಎಂದ ಮಾತ್ರಕ್ಕೆ ನಾಚಿಕೆ ಹೋಗುವುದಾದರೆ! ಹಿಂದೆ ಬರುವಾಗ ಬಸ್ಸು ಬದಲಿಸಲು ಪಡುಬಿದ್ರಿಯಲ್ಲಿ ಇಳಿದೆವು. ಅಮ್ಮ ಔಷಧಿ ಅಂಗಡಿಗೆ ಹೋಗಿ ಹತ್ತಿ ತಂದಳು. ಅಂಗಡಿಯ ಬದಿಗೆ ನನ್ನನ್ನು ಕರೆದುಕೊಂಡು ಹೋಗಿ, ಹತ್ತಿಯನ್ನು ಉಂಡೆ ಮಾಡಿ ನನ್ನ ಎಡಗಿವಿಗೆ ಇಟ್ಟಳು.

"ಸ್ವಲ್ಪ ದಿನ ಇರಲಿ ಮಗಾ. ಯಾರಾದರೂ ಕೇಳಿದರೆ ಕಿವಿ ಎಂದು ಹೇಳು, ಆಯ್ತಾ?"

ಆಗಷ್ಟೇ ಎಲ್ಲ ಕಂಡಿತ್ತು ಎಂದು ಅತ್ತವಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮುಚ್ಚಿಡಬೇಕಾದಂಥದ್ದು ನನ್ನಲ್ಲಿ ಉಂಟು ಎಂದು ಆ ಹತ್ತಿ ನನಗೆ ಹೇಳಿತು, ಅಷ್ಟೇ. ಡಾಕ್ಟರ ಮಾತು ಬಲಗಿವಿಯಲ್ಲಿ ಉಳಿಯಿತು, ಹತ್ತಿ ಎಡಗಿವಿಯಲ್ಲಿ.

ಆದರೂ ಮನೆ ಬದಲಾಯಿತು. ದೇವರ ಕೋಣೆಯಿಂದ ನನ್ನ ಚಾಪೆ ಅಮ್ಮನ ಬದಿಗೆ ಬಂತು. ಮಾಮಿ ದಿನಾ ತಲೆ ಬಾಚಿದಳು. ಡಾಕ್ಟರು ಹೇಳಿದಂತೆ ಅಮ್ಮ ಸಂಜೆ ಬುಟ್ಟಿ ಇಳಿಸಿದ ಮೇಲೆ ನನ್ನೊಡನೆ ಸಮುದ್ರದ ದಡದಲ್ಲಿ ನಡೆಯುತ್ತಿದ್ದಳು, ಇಬ್ಬರಿಗೂ ಮಾತಿಲ್ಲದಿದ್ದರೂ. ಅಜ್ಜಿ ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ. ಸಿಟ್ಟು ಎಂದುಕೊಂಡಿದ್ದೆ. ಮಣಿಪಾಲಕ್ಕೆ ಹೋಗಿ ಬರುವುದು ಕೆಲವು ಸಲ ಆದ ಮೇಲೆ ಒಂದು ಬೆಳಿಗ್ಗೆ, ಅಡುಗೆಮನೆಯಲ್ಲಿ ಬೂತಾಯಿ ಮೀನಿನ ಪದಾರ್ಥ ಕುದಿಯುವಾಗ, ಹುಣಸೆ, ಮೆಣಸು, ತೆಂಗಿನ ವಾಸನೆ ಚಾವಡಿಯವರೆಗೆ ಬಂದು ನನ್ನ ಬಾಯಲ್ಲಿ ನೀರೂರಿತು. ನಾನು ಹೆದರಿಹೋದೆ. ಬೇರೆ ಮಕ್ಕಳು ಬೈಗುಳ ನುಂಗಿಕೊಂಡ ಹಾಗೆ ಆ ನೀರನ್ನು ನುಂಗಿಕೊಂಡೆ. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಬಟ್ಟಲು ಓದುವವಳು, ಗಂಟಲನ್ನೂ ಓದಿದಳು.

"ಎಂತ ಬಾಲೆ?"

"ನಾನು ತಿಂದರೆ ಮಾವನ ದೋಣಿಗೆ ಮೀನು ಸಿಗುವುದಿಲ್ಲ ಅಲ್ವಾ ಅಜ್ಜಿ?"

ಅಜ್ಜಿ ಒಳಗೆ ಹೋದಳು. ಬಟ್ಟಲಿನಲ್ಲಿ ಗಂಜಿ, ಒಂದು ಬೂತಾಯಿ ಹಾಕಿಕೊಂಡು ಬಂದು ನನ್ನ ಎದುರು ಕೂತಳು. ಎಳೆ ಕೂಸಿಗೆ ಬಿಡಿಸುವ ಹಾಗೆ ಒಂದೊಂದೇ ಮುಳ್ಳು ತೆಗೆದಳು. ಅವಳ ಕಣ್ಣೀರು ಬಟ್ಟಲಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲು ಎರಡು ಕೈಯೂ ಮೀನಿನದು.

"ದೋಣಿ ನೋಡಿಕೊಳ್ಳಲು ಮಾವ ಇದ್ದಾನೆ. ನಿನ್ನನ್ನು ನೋಡಿಕೊಳ್ಳಬೇಕಾದವಳು ನಾನು. ನೋಡಲಿಲ್ಲ. ಪೂಜೆ ಮಾಡುತ್ತಾ ಕೂತೆ. ಬಾಯಿ ತೆರೆ."

ಬಾಯಿ ತೆರೆದೆ. ಆ ದಿನ ದೋಣಿಗೆ ಎಷ್ಟು ಮೀನು ಸಿಕ್ಕಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಸುದ್ದಿಯನ್ನು ಮನೆಯೊಳಗೆ ಆಡಬಾರದು ಎಂದು ಅಜ್ಜಿ ಕಟ್ಟು ಮಾಡಿದ್ದಳು. ದಾಮು ಎರಡು ದಿನ ಮುಖ ಊದಿಸಿಕೊಂಡಿದ್ದ, ತನ್ನ ಪಾಲು ಕಡಿಮೆಯಾಯಿತು ಎಂದು. ಅವನ ಕೂದಲು ಹಿಡಿದು ಎಳೆದೆ. ಅಮ್ಮ ಬೈಯಲಿಲ್ಲ, ನೋಡುತ್ತಾ ನಿಂತಳು.

ಹತ್ತಿ ಮಾತ್ರ ಉಳಿಯಿತು. ಬಾಲೆ ವ್ರತ ಬಿಟ್ಟದ್ದು ಯಾಕೆ ಎಂದು ದೋಣಿಯವರು ಕೇಳಿದಾಗ, ಕಿವಿಯ ಮದ್ದಿಗೆ ಪಥ್ಯ, ಮೀನು ತಿನ್ನಲೇಬೇಕಂತೆ ಎಂದು ಮಾವ ಹೇಳಿದರು. ಎಂಥ ಸುಳ್ಳು, ಮತ್ತು ಎಷ್ಟು ಗಟ್ಟಿ ಸುಳ್ಳು! ಊರಿಗೆ ನಾನು ಕಿವಿ ಕೇಳದ ಹುಡುಗಿಯಾದೆ. ನನ್ನನ್ನು ಕಂಡರೆ ಎಲ್ಲರೂ ಧ್ವನಿ ಏರಿಸುತ್ತಿದ್ದರು. ಮದುವೆಯಾಗಿ ಕಾಪುವಿಗೆ ಬಂದ ದಿನ ಗಂಡನ ಚಿಕ್ಕಮ್ಮ ನನ್ನ ಎಡಗಿವಿಗೆ ಬಾಯಿ ಹಚ್ಚಿ "ಕಾಲು ತೊಳೆದು ಬಾ" ಎಂದು ಕಿರುಚಿದ್ದು ಕೇರಿಯ ತುಂಬ ಕೇಳಿತ್ತು. ನಾನೂ ತಿದ್ದಲಿಲ್ಲ. ಕಿವುಡಿ ಎನ್ನಿಸಿಕೊಳ್ಳುವುದು ಆ ಇನ್ನೊಂದಕ್ಕಿಂತ ಮರ್ಯಾದೆಯದ್ದು ಎಂದು ಎಲ್ಲರ ಹಾಗೆ ನಾನೂ ನಂಬಿದ್ದೆ.

ಈ ವರ್ಷ ಮಗಳ ಮಗ ಪ್ರೀತಮ್ ನನ್ನ ಜೊತೆ ಕಾಪುವಿನಲ್ಲಿದ್ದಾನೆ. ಅವನ ತಾಯಿಗೆ ಉಡುಪಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾಳೆ. ಮಳೆ ಶುರುವಾದ ಮೇಲೆ ಅವನಿಗೆ ಬೆಳಿಗ್ಗೆ ಬೆಳಿಗ್ಗೆ ಹೊಟ್ಟೆನೋವು. ಆಮೇಲೆ ತನ್ನ ಕ್ರಿಕೆಟ್ ಬ್ಯಾಟನ್ನು ಹತ್ತಿರದ ಬಾಡಿಗೆಮನೆಯ ಹುಡುಗನಿಗೆ, ಬಾಗಲಕೋಟೆಯ ಕಡೆಯ ಗಾರೆ ಕೆಲಸದವರ ಮಗನಿಗೆ ಕೊಟ್ಟುಬಿಟ್ಟ. ಆ ತಾಯಿ ಬಂದು ಕೈ ಮುಗಿದಳು. ಟೀಚರು ಕ್ಲಾಸಿನಲ್ಲಿ ಚಪ್ಪಾಳೆ ಹೊಡೆಸಿದರು. ಮಗಳು ಫೋನಿನಲ್ಲಿ ಹಿಗ್ಗಿದಳು.

"ಎಷ್ಟು ಒಳ್ಳೆಯ ಮನಸ್ಸು ಅಲ್ವಾ ಅಮ್ಮ ನಮ್ಮ ಮಗುವಿನದು! ಯಾರೂ ಹೇಳದೆ ತಾನೇ ಕೊಟ್ಟಿದ್ದಾನೆ."

ನಾನು ಅವನನ್ನು ಹಿತ್ತಿಲ ಮೆಟ್ಟಿಲಲ್ಲಿ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಾ ಹಿಂದಿನಿಂದ ಕೇಳಿದೆ: ಆಡಬೇಕು ಎಂದು ಅನಿಸಿಯೂ ಕೊಟ್ಟೆಯಾ, ಆಡಬೇಕು ಎಂದೇ ಅನಿಸುವುದಿಲ್ಲವಾ? ಅವನ ಬೆನ್ನು ನನ್ನ ಮೊಣಕಾಲಿಗೆ ಉತ್ತರ ಹೇಳಿತು.

ಹಾಗೆ ಮೊನ್ನೆ ಅವನನ್ನು ಕರೆದುಕೊಂಡು ಮಣಿಪಾಲಕ್ಕೆ ಹೊರಟು ಕಾಪುವಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ ಕೂಗಿದರು. ಗಿರಿಜ. ಹೆಜಮಾಡಿಯ ಪಕ್ಕದ ಮನೆಯ ಗಿರಿಜ, ಈಗ ಮೊಮ್ಮಕ್ಕಳಿರುವವಳು, ಮಗಳ ಮನೆಗೆ ಬಂದವಳು. ಎಲ್ಲರ ಹಾಗೆ ಅವಳೂ ನನ್ನೊಡನೆ ಸ್ಟ್ಯಾಂಡಿನ ಆ ತುದಿಗೆ ಕೇಳುವಂತೆ ಮಾತನಾಡುತ್ತಾಳೆ.

"ಎಲ್ಲಿಗೆ ಸವಾರಿ, ವಾರಿಜಾ?"

"ಮಣಿಪಾಲಕ್ಕೆ."

"ಎಂತ ವಿಷಯ? ಮಗುವಿಗೆ ಹುಷಾರಿಲ್ಲವಾ?"

"ಕಿವಿ," ಎಂದೆ. "ಮಗುವಿಗೆ ಸ್ವಲ್ಪ ಕಿವಿ ನೋವು."

ಯೋಚಿಸಿ ಹೇಳಿದ್ದಲ್ಲ. ಅಷ್ಟು ವರ್ಷ ಬಾಯಲ್ಲೇ ಇದ್ದದ್ದು ತಾನಾಗಿ ಬಂತು. ಪ್ರೀತಮ್ ತಲೆ ಎತ್ತಿ ನನ್ನನ್ನು ನೋಡಿದ. ನನ್ನ ಸೆರಗು ಹಿಡಿದು, ಸಣ್ಣ ಧ್ವನಿಯಲ್ಲಿ, ತನ್ನದೇ ಏನೋ ತಪ್ಪಿರಬೇಕು ಎನ್ನುವವನಂತೆ ಕೇಳಿದ:

"ನನಗೆ ಕಿವಿ ನೋವಿಲ್ಲ ಅಲ್ವಾ ಅಜ್ಜಿ?"

ಪಡುಬಿದ್ರಿಯ ಔಷಧಿ ಅಂಗಡಿಯ ಬದಿಯಲ್ಲಿ ಅಮ್ಮನ ಮುಖ ಹೇಗಿತ್ತು ಎಂದು ನನಗೆ ಈಗ ಗೊತ್ತಾಯಿತು. ನನ್ನದೂ ಹಾಗೇ ಇತ್ತು. ಅವನ ಕೈ ಹಿಡಿದುಕೊಂಡೆ. ಸ್ಟ್ಯಾಂಡಿನಲ್ಲಿ ಪರಿಚಯದವರು ಇದ್ದರು, ಇರಲಿ ಎಂದುಕೊಂಡೆ.

"ಇಲ್ಲ ಮಗಾ. ನಿನಗೆ ಕಿವಿ ನೋವಿಲ್ಲ. ಗಿರಿಜಾ, ಕಿವಿಗೆ ಅಲ್ಲ ನಾವು ಹೋಗುವುದು. ಮಗುವಿಗೆ ಮನಸ್ಸಿಗೆ ಸರಿಯಿಲ್ಲ, ಊಟ ಆಟ ಯಾವುದೂ ರುಚಿಸುವುದಿಲ್ಲ, ಅದಕ್ಕೆ ಡಾಕ್ಟರಿದ್ದಾರೆ. ನನಗೂ ಆಗ ಇದ್ದದ್ದು ಅದೇ. ನನ್ನ ಕಿವಿ ಯಾವಾಗಲೂ ಚೆನ್ನಾಗಿಯೇ ಉಂಟು. ನೀನು ಹಗ್ಗ ಹಾರುವ ಸದ್ದು ಬಚ್ಚಲಿಗೆ ಕೇಳುತ್ತಿತ್ತು. ಅಪ್ಪನನ್ನು ಕಳೆದುಕೊಂಡ ನೀನು ಆಡುತ್ತಿದ್ದೆ, ನಾನು ಸುಮ್ಮನೆ ಅಳುತ್ತಿದ್ದೆ. ಅದಕ್ಕೇ ಯಾರಿಗೂ ಹೇಳಲಿಲ್ಲ."

ಉಡುಪಿಯ ಬಸ್ಸು ಬಂದು ನಿಂತಿತು, ಕಂಡಕ್ಟರ್ ಕೂಗುತ್ತಿದ್ದ. ಗಿರಿಜ ನನ್ನ ಹತ್ತಿರ ಸರಿದು, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಮೆಲ್ಲನೆ ಮಾತನಾಡಿದಳು.

"ನಿಲ್ಲಿಸಿದರೆ ಅಳು ಬರುತ್ತಿತ್ತು ಮಾರಾಯ್ತಿ. ಅದಕ್ಕೇ ಹಾರುತ್ತಿದ್ದದ್ದು."